ನಾಲ್ಕನೇ ಮೆಟ್ಟಿಲಿನ ಗಿಳಿ

ನಮ್ಮೂರಿನಲ್ಲಿ ಯಾರೂ ಕತ್ತು ವಾಲಿಸುವುದಿಲ್ಲ. ಹೌದು ಎನ್ನಬೇಕಾದರೆ ರೆಪ್ಪೆ ಬಡಿಯುತ್ತೇವೆ, ಅಲ್ಲ ಎನ್ನಬೇಕಾದರೆ ಬಾಯಿ ಬಿಟ್ಟು ಅಲ್ಲ ಎನ್ನುತ್ತೇವೆ. ಹುಟ್ಟಿದ ಮಗುವಿನ ತಲೆಯ ಎರಡೂ ಪಕ್ಕಕ್ಕೆ ರಾಗಿ ತುಂಬಿದ ಪುಟ್ಟ ದಿಂಬು ಇಟ್ಟು ಮಲಗಿಸುತ್ತೇವೆ. ಪರವೂರಿನಿಂದ ಬರುವ ಬಸ್ಸಿನ ಕಂಡಕ್ಟರ್ "ಆಗ್ಲಿ, ಹತ್ತಿ" ಎಂದು ತಲೆಯನ್ನು ಆ ಕಡೆಗೂ ಈ ಕಡೆಗೂ ತೂಗಿದನೆಂದರೆ ನಮ್ಮ ಹೆಂಗಸರು ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಾರೆ. ಒಮ್ಮೆ ಹೊರಗಿನಿಂದ ಬಂದ ಫೋಟೋದವನೊಬ್ಬ ಮದುಮಗಳಿಗೆ "ಸ್ವಲ್ಪ ತಲೆ ಓರೆ ಮಾಡಿ ತಾಯಿ, ಚೆನ್ನಾಗಿ ಬರ್ತದೆ" ಎಂದ. ಅವನ ಕ್ಯಾಮೆರಾ ಈಗಲೂ ಪುರಸಭೆಯ ಬೀರುವಿನಲ್ಲಿದೆ. ಅವನು ಮಾತ್ರ ಸಿಗಲಿಲ್ಲ, ಚೆನ್ನಾಗಿ ಓಡುತ್ತಿದ್ದ.

ಕಾರಣ ಊರಿನವರೆಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಮ್ಮಲ್ಲಿ ಎರಡು ಥರದ ಕಣ್ಣಿನವರಿದ್ದಾರೆ. ದಡದಲ್ಲಿ ನಿಂತು ನೀರನ್ನು ನೋಡಿದರೆ ಕೆಲವರಿಗೆ ಅದರ ಮೇಲೆ ಬಿದ್ದ ಆಕಾಶ, ಮರ, ತಮ್ಮ ತಮ್ಮ ಮುಖ ಕಾಣುತ್ತದೆ. ಉಳಿದವರಿಗೆ ಅಲ್ಲಿ ನೀರೇ ಇಲ್ಲವೇನೋ ಎಂಬಂತೆ ತಳ ಕಾಣುತ್ತದೆ. ಮೊದಲಿನವರು ಬಿಂಬದವರು, ಎರಡನೆಯವರು ತಳದವರು. ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಡುತ್ತಿದ್ದುದು ಇಷ್ಟು: ಬಿಸಿಲು ಬರುವಾಗ ಎಲ್ಲ ದಿಕ್ಕಿಗೂ ಕೈಕಾಲು ಆಡಿಸಿಕೊಂಡು ಬರುತ್ತದೆ. ನೀರಿಗೋ ಗಾಜಿಗೋ ಓರೆಯಾಗಿ ಬಡಿದಾಗ ಒಂದಿಷ್ಟು ಒಳಗೆ ಹೋಗುತ್ತದೆ, ಒಂದಿಷ್ಟು ಪುಟಿದು ಈಚೆಗೆ ಬರುತ್ತದೆ. ಹಾಗೆ ಪುಟಿದದ್ದು ಅಡ್ಡಡ್ಡ ಮಲಗಿಕೊಂಡೇ ಬರುತ್ತದೆ. ನಮ್ಮ ಕಣ್ಣಿಗಿರುವುದು ಅಂಚೆ ಡಬ್ಬದ ಬಾಯಿಯಂಥ ಸೀಳು. ಸೀಳು ಅಡ್ಡಕ್ಕಿದ್ದವರಿಗೆ ಆ ಮಲಗಿದ ಬೆಳಕು ಸಲೀಸಾಗಿ ಒಳಗೆ ಹೋಗುತ್ತದೆ. ಸೀಳು ನೆಟ್ಟಗಿದ್ದವರಿಗೆ ಹೋಗುವುದಿಲ್ಲ, ಹಾಗಾಗಿ ತಳದಿಂದ ಎದ್ದು ಬಂದ ಬೆಳಕೊಂದೇ ಅವರ ಪಾಲು. ಹಿತ್ತಾಳೆ ತಂಬಿಗೆಯ ಮುಂದೆ, ಪಾದರಸ ಬಳಿದ ಕನ್ನಡಿಯ ಮುಂದೆ ಈ ಭೇದವಿಲ್ಲ, ಅಲ್ಲಿ ಎಲ್ಲರಿಗೂ ಎಲ್ಲವೂ ಕಾಣುತ್ತದೆ. ತಮ್ಮಾಚೆಗಿರುವುದನ್ನು ತೋರಿಸುವ ವಸ್ತುಗಳದ್ದೇ ತಕರಾರು. "ಅಂಚೆ ಡಬ್ಬವನ್ನೇ ಪಕ್ಕಕ್ಕೆ ಉರುಳಿಸಿದರೆ ಏನಾಗುತ್ತೆ ಸಾ?" ಎಂದು ನಾನು ಕೇಳಿದ್ದಕ್ಕೆ ಮೇಷ್ಟ್ರು ಬೆತ್ತ ತೆಗೆದುಕೊಂಡರು.

ಮನೆಗೊಂದು ತಳ, ಮನೆಗೊಂದು ಬಿಂಬ ಎಂಬುದು ನಮ್ಮೂರಿನ ಕಟ್ಟಳೆ. ಹಿತ್ತಿಲ ಕಾಲುವೆಗೆ ಬಿದ್ದ ಚೆಂಬು ಎಲ್ಲಿದೆಯೆಂದು ಹೇಳಲು ಒಬ್ಬರು ಬೇಕು, ಕಿಟಕಿಯ ಗಾಜು ಹೊಳೆಯುತ್ತಿದೆಯೋ ಇಲ್ಲವೋ ಎಂದು ಹೇಳಲು ಇನ್ನೊಬ್ಬರು ಬೇಕು. ಅದಕ್ಕೇ ಮದುವೆ ಮಾತುಕತೆಯ ದಿನ ಹುಡುಗ ಹುಡುಗಿಯನ್ನು ಒಂದು ಅಗಲವಾದ ಗಾಜಿನ ಬೋಗುಣಿಯ ಮುಂದೆ ಕೂರಿಸುತ್ತಾರೆ. ಬೋಗುಣಿಯ ತುಂಬ ನೀರು, ತಳದಲ್ಲಿ ಒಂದು ಅಡಿಕೆ, ಮೇಲೆ ಚಾವಣಿಯ ತೊಲೆ. ಒಂದೂವರೆ ಮೊಳ ದೂರದಿಂದ ನೋಡಬೇಕು. ಒಬ್ಬರು ಅಡಿಕೆ ಎನ್ನಬೇಕು, ಇನ್ನೊಬ್ಬರು ತೊಲೆ ಎನ್ನಬೇಕು. ಹೇಳಿದ್ದನ್ನು ಪುರಸಭೆಯ ದಫ್ತರಕ್ಕೆ ಏರಿಸುತ್ತಾರೆ. ಸುಳ್ಳು ಹೇಳಿದ್ದು ಮುಂದೆ ಎಂದಾದರೂ ಬಯಲಾದರೆ ಮದುವೆ ಅಲ್ಲಿಗೆ ರದ್ದು, ಹೆಣ್ಣು ತವರಿಗೆ. ಇಷ್ಟು ಸುಲಭದ ಪರೀಕ್ಷೆಯಲ್ಲಿ ಯಾರು ಬೇಕಾದರೂ ಸುಳ್ಳು ಹೇಳಬಹುದೆಂದು ನಮ್ಮ ಹಿರಿಯರಿಗೆ ಹೊಳೆದಿರಲಿಲ್ಲವೋ, ಅಥವಾ ಅವರೂ ಹೇಳಿಯೇ ಮದುವೆಯಾಗಿದ್ದರೋ ಗೊತ್ತಿಲ್ಲ.

ನಾನು ಗಾಜು ಕೂರಿಸುವವನು, ಹೆಸರು ರಾಚಪ್ಪ. ತಳದ ಕಣ್ಣಿನವನು. ದಾಕ್ಷಾಯಿಣಿಯನ್ನು ನಾನು ಮೊದಲು ನೋಡಿದ್ದು ಅವಳ ಚಿಕ್ಕಪ್ಪನ ಅಂಗಡಿಗೆ ಗಾಜು ಕೂರಿಸುವಾಗ. ಗಾಜಿನ ಆಚೆ ಕೂತು ಅವಳು ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತಿದ್ದಳು. ಬಿಂಬದವನಾಗಿದ್ದರೆ ಆ ಗಾಜಿನಲ್ಲಿ ನನಗೆ ಸಾಣೆ ಧೂಳು ಮೆತ್ತಿದ ನನ್ನದೇ ಮೂತಿ ಕಾಣುತ್ತಿತ್ತು, ಒರೆಸಿಕೊಂಡು ಮನೆಗೆ ಹೋಗುತ್ತಿದ್ದೆ. ಅವಳ ಮುಖ ಕಂಡದ್ದೇ ನನ್ನ ಗ್ರಹಚಾರ. ನನ್ನನ್ನು ಸಾಕಿದ ಸೋದರತ್ತೆಗೆ ಹೇಳಿದೆ, ಅವಳು ದಲ್ಲಾಳಿ ಮುಪ್ಪಿನಪ್ಪನನ್ನು ಕಳಿಸಿದಳು. ಮುಪ್ಪಿನಪ್ಪ ಮನೆಯಿಂದ ಬರೆದುಕೊಟ್ಟ ನನ್ನ ಕಣ್ಣಿನ ಚೀಟಿಯನ್ನು ಕೋಟಿನ ಒಂದು ಜೇಬಿನಲ್ಲೂ ಅವಳ ಕಣ್ಣಿನ ಚೀಟಿಯನ್ನು ಇನ್ನೊಂದು ಜೇಬಿನಲ್ಲೂ ಇಟ್ಟುಕೊಂಡು ಓಡಾಡಿ, ಕೊನೆಗೆ ಬಂದು ಹೇಳಿದ್ದು: "ಹುಡುಗಿ ತಳದವಳು. ನಿಮ್ಮವನು ಬಿಂಬದವನಾದ್ರೆ ಕೊಡ್ತಾರಂತೆ."

ಸೋದರತ್ತೆ ನನ್ನ ಮುಖ ನೋಡಿದಳು. ಅದು ಬಾಡಿಹೋದದ್ದು ಕಂಡು ಒಲೆಯ ಮುಂದೆ ಕರೆದು ಕಿವಿಯಲ್ಲಿ ಹೇಳಿದಳು: "ತೊಲೆ ಕಾಣ್ತದೆ ಅಂತ ಅಂದ್ಬುಡೋ. ತೊಲೆ ಎಲ್ಲಾರ ಮನೇಲೂ ಒಂದೇ ಥರ ಇರ್ತದೆ."

ಅಂದುಬಿಟ್ಟೆ. ಬೋಗುಣಿಯಲ್ಲಿ ಅಡಿಕೆ ಒಂದು ಕಡೆ ಒಡೆದಿದ್ದುದು, ಅದಕ್ಕೆ ಅಂಟಿದ್ದ ಸಣ್ಣ ನಾರು, ಎಲ್ಲ ನನಗೆ ಕಾಣುತ್ತಿತ್ತು. "ತೊಲೆ" ಎಂದೆ. ದಾಕ್ಷಾಯಿಣಿ ತಲೆ ತಗ್ಗಿಸಿ "ಅಡಿಕೆ" ಎಂದಳು. ಆ ವರ್ಷವೇ ಸೋದರತ್ತೆ ತೀರಿಕೊಂಡಳು. ಗುಟ್ಟು ನನ್ನೊಬ್ಬನ ಪಾಲಿಗೆ ಉಳಿಯಿತು.

ನಮ್ಮಲ್ಲಿ ಕಾಲುವೆ ಹಾಯುವ ಪ್ರತಿ ಮನೆಯ ಹಿಂದೆಯೂ ನೀರಿಗೆ ಇಳಿಯುವ ಮೆಟ್ಟಿಲುಗಳಿರುತ್ತವೆ, ಮೆಟ್ಟಿಲ ನೆತ್ತಿಯಲ್ಲಿ ನೋಟದ ಕಲ್ಲು ಎಂದು ಒಂದು ಚಪ್ಪಡಿ ಇರುತ್ತದೆ. ಸಂಜೆ ಗಂಡ ಹೆಂಡಿರು ಅದರ ಮೇಲೆ ಕೂತು, ಬಿಂಬದವರು ನೀರಿನ ಮೇಲಿನ ಆಕಾಶವನ್ನೂ ತಳದವರು ನೀರಿನ ಕೆಳಗಿನ ಸಮಾಚಾರವನ್ನೂ ಒಬ್ಬರಿಗೊಬ್ಬರು ಹೇಳಬೇಕು. ಇನ್ನೊಬ್ಬರ ಮೆಟ್ಟಿಲ ನೀರಿಗೆ ಇಣುಕುವುದು ಅವರ ಅಡುಗೆಮನೆಯ ಪಾತ್ರೆ ಮುಚ್ಚಳ ತೆಗೆದು ನೋಡುವುದಕ್ಕಿಂತ ಕೆಟ್ಟದ್ದು. ನಾನು ಶುರುವಿನಿಂದಲೇ ಜೋರು. "ಅಗೋ, ಒಂಟೆ ಥರ ಒಂದು ಮೋಡ, ಅದರ ಬೆನ್ನ ಮೇಲೆ ಇನ್ನೊಂದು ಮರಿ ಮೋಡ" ಎಂದೆಲ್ಲ ಬಿಡುತ್ತಿದ್ದೆ. ನೀರಿನ ಮೇಲೆ ನನಗೆ ಒಂದು ಚೂರು ಮೋಡವೂ ಕಾಣುತ್ತಿರಲಿಲ್ಲ. ತಲೆ ಎತ್ತಿ ನಿಜವಾದ ಆಕಾಶ ನೋಡಬಹುದಿತ್ತು, ಆದರೆ ಬಿಂಬದವನು ಹಾಗೆ ನೋಡಿದರೆ ಕಾಪಿ ಹೊಡೆದಂತೆ. ದಾಕ್ಷಾಯಿಣಿ ಮಾತ್ರ ಪ್ರತಿ ಸಂಜೆ ಒಂದೇ ಹೇಳುತ್ತಿದ್ದಳು: "ಕೆಸರು. ಎಲೆ. ಎರಡು ಮೀನು." ಅದು ಪ್ರತಿ ಸಂಜೆಯೂ ನಿಜವಾಗಿರುತ್ತಿತ್ತು. ಪಾಪ, ಮಾತು ಕಡಿಮೆ, ಕಣ್ಣು ಚುರುಕು ಎಂದುಕೊಂಡೆ.

ಮದುವೆಯಾದ ಎರಡನೇ ವರ್ಷ ಭರಣಿ ಹೋಯಿತು. ದಾಕ್ಷಾಯಿಣಿಯ ತಾಯಿ ಸಾಯುವ ಮುಂಚೆ ಕೊಟ್ಟಿದ್ದ ಬೆಳ್ಳಿಯ ಕುಂಕುಮ ಭರಣಿ. ಮುಚ್ಚಳದ ಮೇಲೆ ಹಿಡಿಯಲು ಒಂದು ಪುಟ್ಟ ಗಿಳಿ. ಪೂಜೆಯ ಸಾಮಾನು ತೊಳೆಯಲು ಮೆಟ್ಟಿಲಿಗೆ ಒಯ್ದಿದ್ದಳು. ಹೂ ಮಾರುವ ಸಣ್ಣಮ್ಮ ಪಕ್ಕದಲ್ಲೇ ಬುಟ್ಟಿ ತೊಳೆಯುತ್ತಿದ್ದಳು. ಅವಳ ಮನೆಗೆ ಕಾಲುವೆಯಿಲ್ಲ, ದಿನವೂ ನಮ್ಮ ಮೆಟ್ಟಿಲಿಗೇ ಬರುತ್ತಿದ್ದಳು. ದಾಕ್ಷಾಯಿಣಿ ಹುಣಸೆಹಣ್ಣು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಭರಣಿ ಇರಲಿಲ್ಲ.

"ನೀರಿಗೆ ಬಿತ್ತು ಕಣಕ್ಕ, ಬುಳುಕ್ ಅಂತ ಸದ್ದಾಯ್ತು. ನಂದು ಬಿಂಬದ ಕಣ್ಣು, ನಂಗೆ ಮೋಡ ಬಿಟ್ರೆ ಏನೂ ಕಾಣಾಕಿಲ್ಲ. ನೀನು ನೋಡು" ಎಂದಳು ಸಣ್ಣಮ್ಮ.

ಗದ್ದಲ ಕೇಳಿ ನಾನು ಹಿತ್ತಿಲಿಗೆ ಬಂದೆ. ಬಂದವನಿಗೆ ಮೊದಲು ಕಂಡದ್ದೇ ಭರಣಿ. ನಾಲ್ಕನೇ ಮೆಟ್ಟಿಲಿನ ಮೂಲೆಯಲ್ಲಿ, ಗಿಳಿ ನೆಟ್ಟಗೆ ಕೂತು, ಕೊಕ್ಕು ನಮ್ಮ ಮನೆಯ ಕಡೆಗೇ. ದಾಕ್ಷಾಯಿಣಿ ನೋಟದ ಕಲ್ಲಿನ ಮೇಲೆ ನಿಂತು ನೀರು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಬಿಂಬದವನೆಂದು ಬರೆಸಿಕೊಂಡ ನಾನು ಏನು ಹೇಳಲಿ? ಬಾಯಿಗೆ ಬೀಗ ಹಾಕಿಕೊಂಡೆ. ಅವಳು ಮತ್ತೆ ನೀರಿನ ಕಡೆ ತಿರುಗಿ, "ಇಲ್ಲ" ಎಂದಳು.

ತಳದವರು ನೋಡಿ ಇಲ್ಲವೆಂದ ಮೇಲೆ ನಮ್ಮೂರಿನಲ್ಲಿ ನೀರಿಗೆ ಕೈ ಹಾಕಿ ತಡಕುವುದಿಲ್ಲ. ಅದು ಅವರ ಕಣ್ಣಿಗೇ ಕೈ ಹಾಕಿದಂತೆ. ನೀರಿನಲ್ಲಿ ಇಲ್ಲ ಎಂದರೆ ಬುಟ್ಟಿಯಲ್ಲಿದೆ ಎಂದರ್ಥ. ಕಳ್ಳಿ ಎಂದು ಯಾರೂ ಅನ್ನಲಿಲ್ಲ, ನಮ್ಮೂರು ಅಷ್ಟು ಒರಟು ಊರಲ್ಲ. ಬೀದಿಯಲ್ಲಿ ಇಬ್ಬರು ಸಣ್ಣಮ್ಮಂದಿರಿದ್ದರು, ಗುರುತಿಗೆಂದು ಇವಳನ್ನು ಭರಣಿ ಸಣ್ಣಮ್ಮ ಎಂದು ಕರೆಯತೊಡಗಿದರು, ಅಷ್ಟೆ. ಅವಳು ನಮ್ಮ ಮೆಟ್ಟಿಲಿಗೆ ಬರುವುದನ್ನು ಬಿಟ್ಟು, ಊರಾಚೆಯ ತೂಬಿನವರೆಗೆ ನಡೆದು ಬುಟ್ಟಿ ತೊಳೆಯುತ್ತಿದ್ದಳು.

ನನ್ನ ಸಂಕಟ ಬೇರೆಯೇ ಇತ್ತು. ಹೆಂಡತಿ ತಳದವಳು, ಭರಣಿ ಅವಳ ಕಣ್ಣೆದುರಿಗಿದೆ, ಆದರೂ ಇಲ್ಲ ಎಂದಳು. ಯಾಕೆ? ಅದರ ಹಿಂದಿನ ವಾರ ಸಣ್ಣಮ್ಮ ಬಾಡಿದ ಸೇವಂತಿಗೆ ಕೊಟ್ಟಳೆಂದು ಇಬ್ಬರಿಗೂ ಮಾತು ಬೆಳೆದಿತ್ತು. ಅದಕ್ಕೆ ಈ ಸೇಡೇ? ಒಂದು ಮೊಳ ಹೂವಿಗೆ ಒಬ್ಬಳ ಮಾನವೇ? ಎಂಥವಳನ್ನು ಕಟ್ಟಿಕೊಂಡೆ ಎಂದು ಕೆಲವು ದಿನ ಊಟ ಸೇರಲಿಲ್ಲ. ಆಮೇಲೆ ಕ್ಷಮಿಸಿದೆ. ನಾನು ಅಷ್ಟು ದೊಡ್ಡ ಮನಸ್ಸಿನವನೆಂದು ನನಗೇ ಗೊತ್ತಿರಲಿಲ್ಲ. ಪ್ರತಿ ಸಂಜೆ ಅವಳ ಪಕ್ಕ ಕೂತು, ಆ ಗಿಳಿಯನ್ನು ನೋಡುತ್ತ, ಮೋಡದ ವರ್ಣನೆ ಮಾಡುತ್ತ, ಅವಳನ್ನು ಮತ್ತೊಮ್ಮೆ ಕ್ಷಮಿಸಿ ಎದ್ದು ಬರುತ್ತಿದ್ದೆ.

ನೀರಿಗಿಳಿದು ಸ್ನಾನ ಮಾಡುವಾಗ ಕಾಲಿಗೆ ತಗುಲಿತು ಎಂದು ಹೇಳಿ ಎತ್ತಿಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನಗೂ ಹೊಳೆಯಿತು. ಹೊಳೆಯುವಾಗ ಒಂಬತ್ತು ವರ್ಷ ಆಗಿತ್ತು. ಎತ್ತಿಕೊಟ್ಟಿದ್ದರೆ ಭರಣಿಯ ಜೊತೆ ಆ ಒಂಬತ್ತು ವರ್ಷಕ್ಕೂ ಲೆಕ್ಕ ಕೊಡಬೇಕಾಗುತ್ತಿತ್ತು. ಬೆಳ್ಳಿ ಕಪ್ಪಾಯಿತು. ಹೂಳು ಏರಿ ಭರಣಿಯ ಹೊಟ್ಟೆ ಮುಚ್ಚಿತು, ಆಮೇಲೆ ಗಿಳಿಯ ಕಾಲು ಮುಚ್ಚಿತು. ಕೊಕ್ಕು ಮುಳುಗಿದ ದಿನ ನನಗೂ ಬಿಡುಗಡೆ ಎಂದು ಕಾಯುತ್ತಿದ್ದೆ. ಹಾಳು ಕಾಲುವೆಯಲ್ಲಿ ಹೂಳು ಕೂಡ ನಮ್ಮ ಪುರಸಭೆಯಷ್ಟೇ ನಿಧಾನ.

ಇಪ್ಪತ್ತೆರಡು ವರ್ಷದ ಮೇಲೆ, ಹೋದ ಮಾಘದಲ್ಲಿ, ಸಣ್ಣಮ್ಮ ನಮ್ಮ ಮನೆಯ ಹೊಸ್ತಿಲಿಗೆ ಬಂದು ನಿಂತಳು. ಕೂದಲು ಬೆಳ್ಳಗಾಗಿತ್ತು. ಒಳಗೆ ಕರೆದರೆ ಬರಲಿಲ್ಲ.

"ಮಗಳಿಗೆ ಗಂಡು ಬಂದೈತೆ ಅಕ್ಕ. ಗಾಣದ ಹಾಲಪ್ಪನ ಮಗ. ಹುಡುಗ ಹುಡುಗಿ ಒಪ್ಕೊಂಡವ್ರೆ. ಹಾಲಪ್ಪ ಮಾತ್ರ ಭರಣಿ ಸಣ್ಣಮ್ಮನ ಮಗಳು ನಮ್ಮನೆಗೆ ಹೆಂಗೆ ಬರಾದು ಅಂತಾವ್ನೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು. "ಅವನ ಮುಂದೆ ನೀನು ಇನ್ನೊಂದು ಸಲ ನೋಡ್ಬೇಕು. ಅವತ್ತು ಬಿಸಿಲು ಜೋರಿತ್ತು, ನಿನ್ ಕಣ್ಣು ಮಂಜಾಗಿತ್ತೇನೋ. ನಾನು ತೆಗ್ದಿಲ್ಲ ಕಣಕ್ಕ. ಅಲ್ಲೇ ಐತೆ."

"ಇಲ್ಲದೇ ಹೋದ್ರೆ?" ಎಂದಳು ದಾಕ್ಷಾಯಿಣಿ.

"ಇಲ್ಲದೇ ಹೋದ್ರೆ ಅವಳು ನನ್ ಹಂಗೇ ಬುಟ್ಟಿ ಹೊತ್ಕೊಂಡು ತೂಬಿಗೆ ಹೋಗ್ತಾಳೆ."

ಸಣ್ಣಮ್ಮ ಹೋದ ಮೇಲೆ ದಾಕ್ಷಾಯಿಣಿ ನನ್ನನ್ನು ನೋಡಿದಳು. ಇಪ್ಪತ್ತೆರಡು ವರ್ಷದ ಹಿಂದೆ ನೋಡಿದ್ದಳಲ್ಲ, ಅದೇ ನೋಟ. "ನೀವೇನಂತೀರಿ?" ಎಂದಳು. ಮತ್ತೆ ಸುಳ್ಳು ಹೇಳಲು ನನ್ನ ಒಪ್ಪಿಗೆ ಕೇಳುತ್ತಿದ್ದಾಳೆ ಎಂದುಕೊಂಡೆ. "ಇವತ್ತು ಯಾಕೋ ಸೆಕೆ ಜಾಸ್ತಿ" ಎಂದೆ.

ಮರುದಿನ ಬೆಳಿಗ್ಗೆ ಅವಳು ಏಳುವ ಮುಂಚೆ ಹಿತ್ತಿಲಿಗೆ ಹೋದೆ. ಭರಣಿಯನ್ನು ಎತ್ತಿ ಮೇಲಿನ ಮೆಟ್ಟಿಲ ಮೇಲೆ ಇಟ್ಟುಬಿಡುವುದು, ಉಳಿದದ್ದು ದೇವರಿಗೆ ಬಿಟ್ಟದ್ದು ಎಂದು ತೀರ್ಮಾನಿಸಿದ್ದೆ. ಎರಡನೇ ಮೆಟ್ಟಿಲಿನವರೆಗೆ ಇಳಿದೆ. ನೀರು ತಣ್ಣಗಿತ್ತು. ಮದುವೆ ರದ್ದು, ದಫ್ತರ, ತವರಿಗೆ ಹೊರಟ ದಾಕ್ಷಾಯಿಣಿಯ ಟ್ರಂಕು, ಎಲ್ಲ ಕಣ್ಣಿಗೆ ಬಂತು. ನೆಗಡಿಯಾದೀತು ಎಂದು ಮೇಲೆ ಬಂದೆ.

ಹಾಲಪ್ಪ ಶುಕ್ರವಾರ ಇಳಿಹೊತ್ತಿನಲ್ಲಿ ತನ್ನ ಅಕ್ಕನನ್ನು ಕರೆದುಕೊಂಡು ಬಂದ. ಪರರ ಮೆಟ್ಟಿಲ ನೀರು ನೋಡಬಾರದೆಂದು ಇಬ್ಬರೂ ಕಾಲುವೆಗೆ ಬೆನ್ನು ಮಾಡಿ ನಿಂತರು. ಸಣ್ಣಮ್ಮ ಮಗಳ ಕೈ ಹಿಡಿದುಕೊಂಡು ಕರಿಬೇವಿನ ಗಿಡದ ಪಕ್ಕ ನಿಂತಳು. ಆ ಹೊತ್ತಿನ ಬಿಸಿಲಿನ ಓರೆ ಹೇಗಿತ್ತೆಂದರೆ ನನ್ನ ಕಣ್ಣಿಗೆ ಕಾಲುವೆಯಲ್ಲಿ ನೀರೇ ಇರಲಿಲ್ಲ. ಮೆಟ್ಟಿಲುಗಳು ಒಣನೆಲದ ಮೇಲಿದ್ದಂತೆ ಕೆಳಗಿಳಿದಿದ್ದವು. ನಾಲ್ಕನೆಯದರ ಮೂಲೆಯಲ್ಲಿ ಹೂಳಿನಿಂದ ಕತ್ತು ಹೊರಗೆ ಹಾಕಿ ಗಿಳಿ ನನ್ನನ್ನೇ ನೋಡುತ್ತಿತ್ತು.

"ನೋಡಿ ಹೇಳ್ರವ್ವ. ಐತಾ, ಇಲ್ವಾ? ಎರಡರಲ್ಲಿ ಒಂದು ಮಾತು" ಎಂದ ಹಾಲಪ್ಪ, ನಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡೇ.

ದಾಕ್ಷಾಯಿಣಿ ಕಲ್ಲಿನ ಮೇಲೆ ನಿಂತಳು. ನೀರನ್ನು ನೋಡಿದಳು. ನನ್ನನ್ನು ನೋಡಿದಳು. ನಾನು ಸೂರಿನ ಹೆಂಚು ಎಣಿಸತೊಡಗಿದೆ. ಅವಳು ಕರಿಬೇವಿನ ಗಿಡದ ಕಡೆ ನೋಡಿದಳು, ಆ ಹುಡುಗಿ ಅಳುತ್ತಿತ್ತು. ಆಮೇಲೆ ನನ್ನ ಹೆಂಡತಿ, ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ಬೀದಿಯಲ್ಲಿ ಯಾರೂ ಕೇಳಿರದ ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದು, ಹಗಲು ಹೊತ್ತಿನಲ್ಲಿ, ನಾಲ್ಕು ಜನರಿರುವಾಗ, ಕತ್ತನ್ನು ಎಡಕ್ಕೆ ವಾಲಿಸಿದಳು. ಒಂಚೂರಲ್ಲ. ಸೊಂಟದಿಂದಲೇ ಬಾಗಿ, ಕಿವಿ ಭುಜಕ್ಕೆ ಒತ್ತಿ, ಅಂಚೆ ಡಬ್ಬವನ್ನು ಪಕ್ಕಕ್ಕೆ ಉರುಳಿಸಿದಂತೆ ಮುಖ ಪೂರ್ತಿ ಅಡ್ಡವಾಗುವವರೆಗೆ. ಏನಾಯಿತೆಂದು ತಿರುಗಿ ನೋಡಿದ ಹಾಲಪ್ಪನ ಅಕ್ಕ "ಶಿವಶಿವಾ" ಎಂದು ಕಣ್ಣು ಮುಚ್ಚಿಕೊಂಡಳು.

"ಗಿಳಿ" ಎಂದಳು ದಾಕ್ಷಾಯಿಣಿ. "ಅಯ್ಯೋ, ಗಿಳಿ ಇಲ್ಲೇ ಇದೆ!"

ಸೀರೆಯ ಸಮೇತ ಇಳಿದಳು. ಸೊಂಟಮಟ್ಟ ನೀರಿನಲ್ಲಿ ನಿಂತು, ಮುಳುಗಿ, ಎರಡು ಕೈಯಲ್ಲೂ ಕೆಸರು ಬಗೆದು ಎತ್ತಿಕೊಂಡು ಬಂದು ಸಣ್ಣಮ್ಮನ ಕೈಯಲ್ಲಿಟ್ಟಳು. ಸಣ್ಣಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಒರೆಸಿ ನೋಡಿದಳು.

ಹಾಲಪ್ಪ ಗಂಟಲು ಸರಿಮಾಡಿಕೊಂಡ. "ಸಿಕ್ತು, ಸರಿ. ಆದ್ರೆ ಕತ್ತು ವಾಲಿಸಿ ನೋಡಿದ್ದನ್ನ ನೋಡಿದ್ದು ಅಂತ ಒಪ್ಕೋಬಹುದಾ?"

"ಕಂಡಿದ್ದು ಓರೆಯಾಗಿದ್ರೆ ಏನು ಹಾಲಪ್ಪಣ್ಣ, ಸಿಕ್ಕಿದ್ದು ನೆಟ್ಟಗೈತಲ್ಲ" ಎಂದು ಸಣ್ಣಮ್ಮ ಭರಣಿಯನ್ನು ಅವನ ಮೂಗಿನ ಮುಂದೆ ಹಿಡಿದಳು. ಹಾಲಪ್ಪ ರೆಪ್ಪೆ ಬಡಿದ.

ಎಲ್ಲರೂ ಹೋದ ಮೇಲೆ ನಾನು ಟವೆಲು ತಂದುಕೊಟ್ಟೆ. ಅವಳು ಕಲ್ಲಿನ ಮೇಲೆ ಒದ್ದೆಯಾಗಿಯೇ ಕೂತಿದ್ದಳು. ಕತ್ತು ವಾಲಿಸಿದ್ದರಿಂದಲೇ ಅವಳು ತಳದವಳಲ್ಲ ಎಂದು ನನಗೆ ಗೊತ್ತಾಗಿಹೋಗಿತ್ತು. ನನಗೆ ಒಳಗೊಳಗೇ ಸ್ವಲ್ಪ ಸಮಾಧಾನ ಕೂಡ ಆಗಿತ್ತು. ಸುಳ್ಳು ಹೇಳಿ ಮದುವೆಯಾದವನು ನಾನೊಬ್ಬನೇ ಅಲ್ಲವಲ್ಲ.

"ನೀನೂ ಸುಳ್ಳು ಹೇಳಿದ್ದೆಯಾ?" ಎಂದೆ.

"ಹುಡುಗ ಬಿಂಬದವನು, ಅಡಿಕೆ ಅಂದ್ರೇನೇ ಮದುವೆ ಅಂತ ಮುಪ್ಪಿನಪ್ಪ ಹೇಳಿದ. ಅಂಗಡಿ ಗಾಜು ಕೂರಿಸೋಕೆ ಬಂದಿದ್ದಾಗ ನಿಮ್ಮನ್ನ ಬಾಗಿಲ ಸಂದೀಲಿ ನೋಡಿದ್ದೆ. ಅಡಿಕೆ ಅಂದೆ."

"ಹಾಗಾದ್ರೆ ನನ್ನದು ತಳದ ಕಣ್ಣು ಅನ್ನೋದು..."

"ಮೂರನೇ ಸಂಜೆಗೇ ಗೊತ್ತಾಯ್ತು. ನೀವು ಒಂಟೆ ಅಂದ್ರಿ. ನೀರಿನ ಮೇಲೆ ಒಂದು ಮೋಡಾನೂ ಇರ್ಲಿಲ್ಲ. ಆಮೇಲೂ ನೀವು ಹೇಳಿದ ಮೋಡ ಒಂದು ದಿನಾನೂ ಇರ್ಲಿಲ್ಲ ಕಣ್ರೀ. ತಳ ಇದ್ದ ಹಾಗೇ ಇರುತ್ತೆ, ನನ್ನ ಸುಳ್ಳು ನಡೀತು."

ನಾನು ನಗಲು ಹೋದೆ. ಬೇಡದ ಸುಳ್ಳು ಇಬ್ಬರೂ ಹೇಳಿದ್ದೆವು, ನಿಜ ಹೇಳಿದ್ದರೂ ಮದುವೆ ಆಗುತ್ತಿತ್ತು, ಚೀಟಿ ಅದಲುಬದಲು ಮಾಡಿದ ಮುಪ್ಪಿನಪ್ಪನ ಜೇಬು ಹಾಳಾಗ ಎಂದೆ. ಅವಳು ನಗಲಿಲ್ಲ.

"ಭರಣಿ ಹೋದ ದಿನ ನಾನು ನಿಮ್ಮ ಮುಖ ನೋಡ್ದೆ" ಎಂದಳು. "ನನಗೆ ಏನೂ ಕಾಣ್ತಿರ್ಲಿಲ್ಲ. ಇವರಿಗೆ ತಳ ಕಾಣುತ್ತೆ, ಇದ್ದಿದ್ರೆ ಹೇಗಾದ್ರೂ ಹೇಳ್ತಿದ್ರು, ಒಂದು ಕೆಮ್ಮಾದ್ರೂ ಕೆಮ್ತಿದ್ರು ಅಂದ್ಕೊಂಡೆ. ನೀವು ಸುಮ್ಮನಿದ್ರಿ. ನಿಮ್ಮನ್ನ ನಂಬಿ ಇಲ್ಲ ಅಂದೆ."

ಇಪ್ಪತ್ತೆರಡು ವರ್ಷ ನಾನು ಕ್ಷಮಿಸುತ್ತ ಬಂದದ್ದು ಯಾರನ್ನು ಎಂದು ಆಗ ಗೊತ್ತಾಯಿತು. ನನಗೆ ನಾಚಿಕೆಯಾಯಿತು. ಅಳು ಬಂತು. ಅವಳು ಟವೆಲನ್ನು ನನ್ನ ಕಡೆಗೆ ತಳ್ಳಿ ಒಳಗೆ ಹೋದಳು.

ನಾನು ಅಷ್ಟು ಹೆದರಿದ್ದ ದಫ್ತರದ ವಿಚಾರ ಹೇಳಿಬಿಡುತ್ತೇನೆ. ಪುರಸಭೆಯ ಗುಮಾಸ್ತರು ಕನ್ನಡಕ ಏರಿಸಿ ನಮ್ಮ ಪುಟ ತೆಗೆದರು, ಮನೆಗೊಂದು ತಳ, ಮನೆಗೊಂದು ಬಿಂಬ ಇದ್ದೇ ಇದೆಯಲ್ಲ ಎಂದರು, ನನ್ನ ಹೆಸರಿನಿಂದ ಅವಳ ಕಣ್ಣಿಗೂ ಅವಳ ಹೆಸರಿನಿಂದ ನನ್ನ ಕಣ್ಣಿಗೂ ಒಂದೊಂದು ಗೆರೆ ಎಳೆದರು. "ಬರೆಯುವಾಗ ಕೈತಪ್ಪಾಗಿದೆ" ಎಂದು ಷರಾ ಹಾಕಿ ಕಾಫಿಗೆ ಎದ್ದರು. ಕತ್ತು ವಾಲಿಸಿದ್ದಕ್ಕೆ ದಾಕ್ಷಾಯಿಣಿಯನ್ನು ಒಂದು ತಿಂಗಳು ಯಾರೂ ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ಈಗೀಗ ಸೂಜಿ, ಉಂಗುರ, ಕಿವಿಯೋಲೆ ಕಳೆದುಕೊಂಡ ಹೆಂಗಸರು ಹಿತ್ತಿಲ ಬಾಗಿಲಿನಿಂದ ಬಂದು ಅವಳ ಹತ್ತಿರ ಗುಟ್ಟಾಗಿ ಏನೋ ಕೇಳಿಕೊಂಡು ಹೋಗುತ್ತಾರೆ. ನಮ್ಮ ಬೀದಿಯಲ್ಲಿ ಎಷ್ಟೋ ಜನಕ್ಕೆ ಕತ್ತು ನೋವು.

ಭರಣಿಯನ್ನು ಅವಳು ಸಣ್ಣಮ್ಮನ ಮಗಳಿಗೆ ಮದುವೆಯ ಉಡುಗೊರೆಯಾಗಿ ಕೊಟ್ಟಳು. ಹಾಲಪ್ಪ ಅದನ್ನು ನಡುಮನೆಯ ಬೀರುವಿನಲ್ಲಿ ಇಟ್ಟಿದ್ದಾನೆ. ಬೀರುವಿಗೆ ಗಾಜು ಕೂರಿಸಿದವನು ನಾನೇ. ಬಂದವರಲ್ಲಿ ಅರ್ಧ ಜನ ಗಿಳಿಯನ್ನು ನೋಡಿ ಹೋಗುತ್ತಾರೆ, ಇನ್ನರ್ಧ ಜನ ತಮ್ಮ ಮುಖ ನೋಡಿಕೊಂಡು ಚೆನ್ನಾಗಿದೆ ಎಂದು ಹೋಗುತ್ತಾರೆ. ಸಣ್ಣಮ್ಮ ಈಗ ಬರೀ ಸಣ್ಣಮ್ಮ. ಹೆಸರು ಮಾತ್ರ ಸುಮ್ಮನೆ ಹಾಳಾಗಬಾರದಲ್ಲ. ಬಸ್ಸಿಳಿದು ಭರಣಿ ರಾಚಪ್ಪನ ಮನೆ ಯಾವುದು ಎಂದು ಕೇಳಿ, ಯಾರು ಬೇಕಾದರೂ ತೋರಿಸುತ್ತಾರೆ.

ಸಂಜೆ ನಾವು ಕಲ್ಲಿನ ಮೇಲೆ ಕೂರುವುದನ್ನು ಬಿಟ್ಟಿಲ್ಲ. ದಾಕ್ಷಾಯಿಣಿ ಕೇಳುತ್ತಾಳೆ, ನಾನು ತಳದಲ್ಲಿ ಇರುವುದನ್ನು ಇರುವ ಹಾಗೆ ಹೇಳುತ್ತೇನೆ: ಮೂರು ಮೀನು, ಒಂದು ಒಡೆದ ಬಳೆ, ನಾಲ್ಕನೇ ಮೆಟ್ಟಿಲ ಮೂಲೆಯಲ್ಲಿ ಭರಣಿ ಕೂತಿದ್ದ ಗುಳಿ, ಅದಿನ್ನೂ ಮುಚ್ಚಿಲ್ಲ. ಅವಳು ಕೇಳಿಸಿಕೊಳ್ಳುತ್ತಾಳೆ. ಎಲ್ಲ ಹೇಳಿ ಮುಗಿಸಿದ ಮೇಲೆ ನಾನು ಮೆಲ್ಲಗೆ, ಮೇಲೆ ಏನು ಕಾಣುತ್ತಿದೆ, ಇವತ್ತು ಮೋಡ ಇದೆಯಾ ಎಂದು ಕೇಳುತ್ತೇನೆ. ಅವಳು ನೀರಿನಿಂದ ಕಣ್ಣು ತೆಗೆಯದೆ ಹೇಳುತ್ತಾಳೆ:

"ಕತ್ತು ವಾಲಿಸಿ ನೋಡ್ಕೊಳ್ಳಿ."